ಮಳೆ ಬಂದ ಮೇಲೆ ಸಹಿ

ಗುದ್ದಲಿಯ ಕಾವನ್ನು ಕುಸುಮ ಬಿಡಲಿಲ್ಲ. ಆ ತುದಿಯಲ್ಲಿ ಅದನ್ನು ಹಿಡಿದುಕೊಂಡಿದ್ದವನು ಅವಳ ಚಿಕ್ಕಮಾವ ಚಿಕ್ಕರಾಜು. ಜೋರಾಗಿ ಎಳೆದರೆ ಮುದುಕ ಮುಗ್ಗರಿಸಿಯಾನು ಎಂಬ ಭಯ ಅವಳಿಗೆ. ಸೊಸೆಯ ಜೊತೆ ಕಿತ್ತಾಡಿದ ಎಂದು ಊರು ಆಡಿಕೊಂಡೀತು ಎಂಬ ಭಯ ಅವನಿಗೆ. ಹೀಗಾಗಿ ಇಬ್ಬರೂ ಎಳೆಯದೆ, ಬಿಡದೆ, ಸಾವಿನ ಮನೆಯ ಮುಂದೆ ನಿಂತುಬಿಟ್ಟಿದ್ದರು. ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಮುನಿತಾಯಮ್ಮ ಮಾತ್ರ ಯಾರ ಪರವೂ ವಹಿಸದೆ ಸುಮ್ಮನಿದ್ದಳು. ಅವಳು ಹಾಗೆ ಸುಮ್ಮನಿದ್ದುದನ್ನು ಹುಣಸೆದೊಡ್ಡಿ ಅಲ್ಲಿಯವರೆಗೆ ಕಂಡಿರಲಿಲ್ಲ.

"ಬುಡವ್ವ ಕುಸುಮ," ಅಂದ ಚಿಕ್ಕರಾಜು. "ಗೋಮಾಳದಲ್ಲಿ ನಮ್ಮಣ್ಣ ಮಲಗವ್ನೆ. ಅವನ ಮಗ್ಗುಲಿಗೇ ಗುಂಡಿ ತೋಡ್ತೀವಿ. ಗಂಡನ ಪಕ್ಕ ಹೆಂಡ್ತಿ. ತೆಪ್ಪೇನೈತೆ ಇದ್ರಲ್ಲಿ?"

"ತೆಪ್ಪಿಲ್ಲ ಚಿಕ್ಕಮಾವ. ಅತ್ತೆ ಒಪ್ಪಿಲ್ಲ, ಅಷ್ಟೆ. ಹಳೇ ತೋಪಲ್ಲೇ ಮಣ್ಣು ಮಾಡ್ಬೇಕು ಅಂತ ಹೇಳಿ ಹೋಗವ್ರೆ."

"ಸತ್ತೋರು ಎದ್ದು ಬಂದು ಕೇಳ್ತಾರಾ?"

"ನಮ್ಮತ್ತೆ ಬಂದ್ರೂ ಬಂದಾರು."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಎಲ್ಲಿ ಕೂತಿದ್ದೇವೆಂಬುದು ನೆನಪಾಗಿ ಕೆಮ್ಮಿದರು. ಚಿಕ್ಕರಾಜುವಿಗೆ ನಗು ಬರಲಿಲ್ಲ. ಅವನು ದೂರದ ಸಾವನದುರ್ಗದ ಕಡೆ ಗದ್ದ ಎತ್ತಿ ತೋರಿಸಿದ. ಬೆಳಿಗ್ಗೆಯಿಂದ ಬೆಟ್ಟದ ನೆತ್ತಿಗೆ ಕರೀ ಮೋಡ ಬಂದು ಕೂತಿತ್ತು.

"ಭರಣಿ ಮಳೆ ಕೈ ಕೊಡ್ತು. ಕೃತ್ತಿಕೆ ಇವತ್ತು ಬಿಡಾದಿಲ್ಲ. ತೋಪಲ್ಲಿ ತೋಡಿದ ಗುಂಡಿಗೆ ನೀರು ನುಗ್ತದೆ. ತೋಡಿದ ಗುಂಡಿ ಬರಿದು ಬುಡಂಗಿಲ್ಲ ಕಣವ್ವ. ನಮ್ಮಣ್ಣನ ಗುಂಡಿಗೆ ಕೋಳಿಮರಿ ಹಾಕಿ ಮುಚ್ಚಿದ್ದು ಮರ್ತೋಯ್ತಾ ನಿಂಗೆ? ಇನ್ನೊಂದ್ಸಲ ಆ ಮಾನಗೇಡು ನಂಗೆ ಬ್ಯಾಡ."

ತಾಯಿಯ ಪಕ್ಕದಲ್ಲಿ ಕೂತಿದ್ದ ಬೀರೇಶ್ ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಅತ್ತೆ ಬಿಟ್ಟ ಪಂಚಾಯ್ತಿ ಸ್ಥಾನಕ್ಕೆ ಈಗ ಕುಸುಮಳೇ ಮೆಂಬರು. ಊರಿನ ನೀರು ಎಲ್ಲಿ ಹರಿಯಬೇಕು, ಎಲ್ಲಿ ಹರಿಯಬಾರದು ಎಂದು ಹೇಳುವ ಹಕ್ಕೂ ಅವಳದೇ, ಹೇಳಿ ಬೈಸಿಕೊಳ್ಳುವ ಭಾಗ್ಯವೂ ಅವಳದೇ.

"ನೀರು ಬರಾದಿಲ್ಲ ಚಿಕ್ಕಮಾವ," ಅಂದಳು ಕುಸುಮ. "ಬಂದ್ರೆ ಮೆಂಬರ್‌ಗಿರಿ ಬಿಟ್ಟು ಮನೇಲಿ ಕೂತ್ಕತೀನಿ. ನೀವು ತೋರಿಸಿದ ಜಾಗಕ್ಕೆ ನಾನೇ ಗುದ್ದಲಿ ಹೊತ್ಕೊಂಡು ಬತ್ತೀನಿ."

ಚಿಕ್ಕರಾಜು ಅವಳನ್ನು ಕ್ಷಣ ನೋಡಿ ಕೈ ಬಿಟ್ಟ. "ತೋಪಲ್ಲೇ ತೋಡ್ರಲಾ," ಎಂದು ಹುಡುಗರಿಗೆ ಹೇಳಿ, ಟವೆಲ್ಲು ಕೊಡವಿಕೊಂಡು ಒಂದು ಮೂಲೆ ಹಿಡಿದು ಕೂತ.

ಮಾತೇನೋ ಗಟ್ಟಿಯಾಗಿಯೇ ಬಂದಿತ್ತು. ಆದರೆ ಗುದ್ದಲಿ ಕೈಗೆ ಸಿಕ್ಕಿದ ಮೇಲೆ ಕುಸುಮ ದಿನ್ನೆಯ ಕಡೆ ಕಣ್ಣು ಹಾಯಿಸಿದಳು. ತೋಪಿನ ನೆತ್ತಿಯ ಮೇಲೆ, ದಿನ್ನೆಯಲ್ಲಿ, ನಟರಾಜುವಿನ ಹೊಸ ಲೇಔಟ್ ಇತ್ತು. ಅದರ ಚರಂಡಿ ಕಟ್ಟಿ ಮುಗಿದದ್ದು ಬೇಸಿಗೆಯಲ್ಲಿ. ಅದರೊಳಗೆ ಇನ್ನೂ ಒಂದು ಹನಿ ಮಳೆನೀರು ಹರಿದಿರಲಿಲ್ಲ.

*

ದಿನ್ನೆಗೂ ಕೆರೆಗೂ ನಡುವೆ ಒಂದು ಓಣಿ. ಹುಣಸೆದೊಡ್ಡಿಯ ಕುರಿಗಳು ಅಜ್ಜ ಮುತ್ತಜ್ಜನ ಕಾಲದಿಂದ ಅದರಲ್ಲೇ ಮೇವಿಗೆ ಹತ್ತಿ, ಅದರಲ್ಲೇ ಇಳಿದು ಮನೆಗೆ ಬರುತ್ತಿದ್ದವು. ಊರಿಗೆಲ್ಲ ಅದು ಕುರಿ ಓಣಿ. ಮಳೆಗಾಲದಲ್ಲಿ ದಿನ್ನೆಯ ನೀರು ಅದರಲ್ಲಿ ಇಳಿದು ಕೆರೆ ಸೇರುವುದನ್ನು ಕಾಣದವರು ಯಾರೂ ಇರಲಿಲ್ಲ. ಆದರೂ ಕುರಿಯ ದಾರಿಯಲ್ಲಿ ನಾಲ್ಕು ದಿನ ನೀರು ಹೋಗುತ್ತದೆ ಎಂದುಕೊಂಡರೇ ಹೊರತು, ನೀರಿನ ದಾರಿಯಲ್ಲಿ ಕುರಿ ಹೋಗುತ್ತಿದೆ ಎಂದು ಕುರಿ ಕಾಯುವ ಆ ಜನಕ್ಕೆ ಹೊಳೆಯಲೇ ಇಲ್ಲ.

ದಿನ್ನೆಯ ಮೇಲೆ ಮೊದಲ ಲೇಔಟ್ ಬಂದಾಗ, ಅದರ ಮಾಲೀಕರು ಓಣಿ ಮುಚ್ಚಿಕೊಳ್ಳುತ್ತೇವೆ, ಬದಲಿಗೆ ಆಚೆ ಕಡೆ ಡಾಂಬರು ರಸ್ತೆ ಹಾಕಿಕೊಡುತ್ತೇವೆ ಎಂದರು. ಡಾಂಬರು ಅಂದರೆ ಯಾರಿಗೆ ಬೇಡ? ಪಂಚಾಯ್ತಿ ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ಮೆಂಬರಾಗಿದ್ದ ಮುನಿತಾಯಮ್ಮನೂ ಎತ್ತಿದಳು. ಮದುವೆಯಾಗಿ ಬಂದಂದಿನಿಂದ ಓಣಿಯ ಜಾಲಿಮುಳ್ಳು ತುಳಿದು ತುಳಿದು ಅವಳಿಗೂ ಸಾಕಾಗಿತ್ತು. ಓಣಿಗೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಸೈಟು ಬಂತು, ಸೈಟಿನ ಮೂಲೆಗೆ ಸುಣ್ಣ ಬಳಿದ ಕಲ್ಲು ಬಂತು. ನೀರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅದು ಮುಂಗಾರಿಗೆ ಎಂದಿನಂತೆ ಬಂದು, ಬಾಗಿಲು ಹಾಕಿರುವುದನ್ನು ಕಂಡು, ಸುತ್ತಿ ಬಳಸಿ ತೋಪಿನೊಳಕ್ಕೆ ನುಗ್ಗಿತು.

ಆ ಮುಂಗಾರಿನಲ್ಲೇ ಮುನಿತಾಯಮ್ಮನ ಗಂಡ ಪುಟ್ಟಲಿಂಗಯ್ಯ ತೀರಿಕೊಂಡ. ತಾತ, ತಂದೆ, ದಾಯಾದಿಗಳೆಲ್ಲ ಮಲಗಿದ್ದ ತೋಪಿನಲ್ಲಿ ಅವನಿಗೂ ಗುಂಡಿ ತೆಗೆದರು. ಚಟ್ಟ ಇಳಿಸುವ ಹೊತ್ತಿಗೆ ನೀರು ಬಂತು. ಬೀರೇಶ್, ಚಿಕ್ಕರಾಜು ಬಕೆಟ್ಟು ಹಿಡಿದು ಎತ್ತಿ ಹಾಕಿದರು. ಎತ್ತಿದಷ್ಟೂ ತುಂಬಿತು. ಹೆಣವನ್ನು ಕೆಸರಿನ ಮೇಲಿಟ್ಟುಕೊಂಡು ಊರಿಗೆ ಊರೇ ತಲೆ ತಗ್ಗಿಸಿ ನಿಂತಿತು. ಕೊನೆಗೆ ಗುಂಡಿಯನ್ನು ಬರಿದು ಬಿಡಬಾರದೆಂದು ಕೋಳಿಮರಿಯೊಂದನ್ನು ಹಾಕಿ ಮುಚ್ಚಿ, ಪುಟ್ಟಲಿಂಗಯ್ಯನನ್ನು ಗೋಮಾಳದ ಗಟ್ಟಿ ನೆಲಕ್ಕೆ ಒಯ್ದರು. ಅಲ್ಲಿ ಅವನ ಕಡೆಯವರು ಯಾರೂ ಇರಲಿಲ್ಲ.

ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಮುನಿತಾಯಮ್ಮ ಅಂದು ಅಳಲಿಲ್ಲ. ಅವಳನ್ನು ಹಿಡಿದುಕೊಂಡಿದ್ದ ಕುಸುಮಳ ಕಡೆ ತಿರುಗಿ, "ನೀರಿನ ಮನೆ ಬಾಗ್ಲನ್ನ ನಾವೇ ಹಾಕಿದ್ವಿ ಕಣವ್ವ. ಅದಕ್ಕೇ ಅದು ನಮ್ಮನೆಗೆ ಬಂದೈತೆ. ನಾನು ಸಾಯೋದ್ರೊಳಗೆ ಇದನ್ನ ಅದರ ಮನೆಗೆ ಕಳಿಸ್ತೀನಿ. ಕಳಿಸ್ದೆ ಸತ್ರೆ ನನ್ನೂ ಎಲ್ಲಾದ್ರೂ ಎಸೀರಿ. ಕಳಿಸಿ ಸತ್ರೆ ಇಲ್ಲೇ, ಈ ತೋಪಲ್ಲೇ ಮಣ್ಣು ಮಾಡಿ. ನಿಮ್ಮ ಮಾವನ ತಲೆದೆಸೆಯ ಮಣ್ಣೂ ಒಂದು ಹಿಡಿ ತಂದು ನನ್ ಜತೆಗಿಡಿ," ಎಂದಳು.

*

ಮಧ್ಯಾಹ್ನದ ಹೊತ್ತಿಗೆ ಗುಂಡಿ ಸಿದ್ಧವಾಯಿತು ಎಂದು ಸುದ್ದಿ ಬಂತು. ಬೀರೇಶ್ ಗೋಮಾಳಕ್ಕೆ ಹೋಗಿ, ಅಪ್ಪನ ತಲೆದೆಸೆಯ ಮಣ್ಣನ್ನು ಪಂಚೆಯ ಸೆರಗಿಗೆ ಕಟ್ಟಿಕೊಂಡು ಬಂದ. ಮುನಿತಾಯಮ್ಮನಿಗೆ ನೀರು ಹುಯ್ದು, ಹೊಸ ಸೀರೆ ಉಡಿಸಿ, ಹಣೆಗೆ ಬೀರದೇವರ ಭಂಡಾರ ಬಳಿದರು. ತಮಟೆಯವರು ಅಂಗಳದ ತುದಿಯಲ್ಲಿ ಹುಲ್ಲುರಿ ಹಾಕಿಕೊಂಡು ಚರ್ಮ ಕಾಯಿಸುತ್ತಿದ್ದರು.

ಅಷ್ಟರಲ್ಲಿ ಮಾಗಡಿ ಕಡೆಯಿಂದ ನಟರಾಜುವಿನ ಕಾರು ಬಂತು. ಸುಗಂಧರಾಜದ ದಪ್ಪ ಹಾರ ತಂದು ಮುದುಕಿಯ ಕೊರಳಿಗೆ ಹಾಕಿ ಕೈ ಮುಗಿದ. ಕೆಟ್ಟವನೇನಲ್ಲ ನಟರಾಜು. ಕೊಟ್ಟ ಮಾತಿಗೂ ಕಟ್ಟಿದ ಗೋಡೆಗೂ ನಡುವೆ ಒಸಿ ಸಂದು ಬಿಟ್ಟುಕೊಳ್ಳುವ ಜಾತಿಯವನು, ಅಷ್ಟೆ. ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ ರಮ್ಯಾ ಮೇಡಂ ಆಗಲೇ ಬಂದು ಹೆಂಗಸರ ನಡುವೆ ಕೂತಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ನಟರಾಜು ಕುಸುಮಳನ್ನು ಸ್ವಲ್ಪ ಪಕ್ಕಕ್ಕೆ ಕರೆದ.

"ತಪ್ಪು ತಿಳ್ಕೋಬೇಡಿ ಕುಸುಮಕ್ಕ, ಟೈಮು ಇದಲ್ಲ ಅಂತ ಗೊತ್ತು. ಮುಂದಿನ ಮೀಟಿಂಗಲ್ಲಿ ನಮ್ಮ ಲೇಔಟನ್ನ ಪಂಚಾಯ್ತಿಗೆ ತಗೊಂಡುಬಿಡಿ. ಮಳೆ ಬರ್ಲಿ, ಮಳೆ ಬರ್ಲಿ ಅಂತ ನೀವು ಮುಂದಕ್ಕೆ ಹಾಕ್ತಿದ್ರೆ ಸೈಟ್ ತಗೊಂಡೋರೆಲ್ಲ ನನ್ನ ಜೀವ ತಿಂತಾವ್ರೆ. ಅಮ್ಮನ ಹೆಸರನ್ನೇ ಬಡಾವಣೆಗೆ ಇಡ್ತೀನಿ. ಚರಂಡಿ ಪಕ್ಕಾ ಇದೆ, ನನ್ನ ಮಾತು ನಂಬಿ."

ಕುಸುಮ ಜಗುಲಿಯ ಕಡೆ ತಿರುಗಿ ನೋಡಿದಳು. ಇಂಥ ಮಾತಿಗೆ ಅತ್ತೆ ಏನು ಹೇಳುತ್ತಿದ್ದಳು ಎಂಬುದು ಅವಳಿಗೆ ಕೇಳಿಸಿದಷ್ಟು ಸ್ಪಷ್ಟವಾಗಿತ್ತು.

*

ಗಂಡನನ್ನು ಕಳೆದುಕೊಂಡ ಸೂತಕ ಕಳೆಯುವುದೇ ತಡ, ಮುನಿತಾಯಮ್ಮ ಪಂಚಾಯ್ತಿ ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಅವಳಿಗೆ ಕಾನೂನು ಬರುತ್ತಿರಲಿಲ್ಲ, ಕೂರುವುದು ಬರುತ್ತಿತ್ತು. ಕಾನೂನು ಬಲ್ಲವಳು ರಮ್ಯಾ. ಆಗ ತಾನೇ ಬಂದಿದ್ದ ಆ ಹುಡುಗಿ ಹಳೆಯ ಗ್ರಾಮನಕ್ಷೆ ತರಿಸಿ, ಕುರಿ ಓಣಿ ಅದರಲ್ಲಿ ಹಳ್ಳವೆಂದೇ ಇರುವುದನ್ನು ತೋರಿಸಿ, ತಾಲ್ಲೂಕು ಕಚೇರಿಗೆ ಬರೆದಳು. ಒಬ್ಬಳು ಬರೆದಳು, ಒಬ್ಬಳು ಕೂತಳು. ಇಬ್ಬರ ನಡುವೆ ಸಿಕ್ಕಿಕೊಂಡ ತಾಲ್ಲೂಕು ಕಚೇರಿ ಕೊನೆಗೆ ಓಣಿ ಬಿಡಿಸಲು ಆದೇಶ ಕೊಟ್ಟಿತು. ಗಫಾರನ ಜೆಸಿಬಿ ಬಂದು ಸುಣ್ಣದ ಕಲ್ಲುಗಳನ್ನು ಕಿತ್ತು ಹಾಕಿದ ದಿನ ಮುನಿತಾಯಮ್ಮ ಅವನಿಗೆ ನಾಟಿಕೋಳಿ ಸಾರು ಮಾಡಿ ಬಡಿಸಿದ್ದಳು.

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಮುನಿತಾಯಮ್ಮ ಹೇಗಾದಾಳು? ಮುಂದಿನ ಸಭೆಯಲ್ಲಿ ಎದ್ದು ನಿಂತು, ಇನ್ನು ಮೇಲೆ ಯಾವ ಲೇಔಟ್ ಬಂದರೂ ತನ್ನ ಮಳೆನೀರನ್ನು ತನ್ನ ಕಟ್ಟೆಯಲ್ಲೇ ಹಿಡಿದು, ನಿಧಾನಕ್ಕೆ ಓಣಿಗೆ ಬಿಡಬೇಕು ಎಂದಳು. ಅದಕ್ಕೆ ಎಲ್ಲರೂ ತಲೆಯಾಡಿಸಿದರು. ಆಮೇಲೆ ಅವಳು ಇನ್ನೊಂದು ಮಾತು ಸೇರಿಸಿದಳು: ಮಳೆ ಬಂದ ಮೇಲೆ ಸಹಿ. ಒಂದು ಒಳ್ಳೆಯ ಮಳೆ ಹುಯ್ಯಬೇಕು, ಮೆಂಬರುಗಳು ಕೆಳಗಿನ ತೋಪಿನಲ್ಲಿ ನಿಂತು ನೋಡಬೇಕು, ಆಮೇಲೇ ಆ ಲೇಔಟಿನ ರಸ್ತೆ, ಚರಂಡಿಯನ್ನು ಪಂಚಾಯ್ತಿ ವಹಿಸಿಕೊಳ್ಳಬೇಕು. ಸಭೆ ಗೊಳ್ಳೆಂದಿತು.

"ಇಂಜಿನಿಯರ್ ಬಂದು ನೋಡಿ ಬರ್ಕೊಟ್ರೆ ಸಾಲ್ದಾ ಮುನಿತಾಯಕ್ಕ?" ಎಂದರು ಅಧ್ಯಕ್ಷರು.

"ಇಂಜಿನಿಯರು ಬಿಸಿಲಲ್ಲಿ ಬತ್ತಾರೆ ಸ್ವಾಮಿ. ಬಿಸಿಲಲ್ಲಿ ಎಲ್ಲಾ ಚರಂಡಿನೂ ಚೆಂದಾಗೇ ಇರ್ತದೆ. ಎಮ್ಮೆ ತಗೊಳೋವಾಗ ಹಾಲು ಕರ್ದು ನೋಡಾದಿಲ್ವಾ ನೀವು? ಫೋಟೋ ನೋಡಿ ತತ್ತೀರಾ?"

"ಮಳೆ ಬರದೇ ಹೋದ್ರೆ?"

"ಬರೋಗಂಟ ಕಾಯ್ಲಿ. ನಮ್ಮೆಜಮಾನ್ರು ಹೆಣವಾಗಿ ಕೆಸರಲ್ಲಿ ಕಾದಿಲ್ವಾ?"

ಆಮೇಲೆ ಯಾರೂ ನಗಲಿಲ್ಲ. ರಮ್ಯಾ ಪೆನ್ನು ತೆಗೆದು ಠರಾವು ಬರೆದಳು. ಬರೆದದ್ದನ್ನು ಎದ್ದು ನಿಂತು ಓದಿ ಹೇಳಿದಳು. ಒಂದೊಂದಾಗಿ ಎಲ್ಲ ಕೈಗಳೂ ಮೇಲೆದ್ದವು.

*

"ನಟರಾಜಣ್ಣ," ಅಂದಳು ಕುಸುಮ. ಪಿಸುಮಾತು ಬಿಟ್ಟು, ಅಂಗಳಕ್ಕೆಲ್ಲ ಕೇಳುವ ಹಾಗೆ ಅಂದಳು. "ಚರಂಡಿ ಪಕ್ಕಾ ಐತೆ ಅಂದ್ರಲ್ಲ. ನಮ್ಮತ್ತೆಗೆ ನಿಮ್ಮ ಲೇಔಟಿನ ಕೆಳಗೇ ಗುಂಡಿ ತೋಡಿದ್ದಾರೆ. ದುರ್ಗದ ಮೇಲೆ ಮೋಡ ನೋಡಿ. ಈಗ ನೀವೇ ಹೇಳಿ. ಅವ್ರನ್ನ ಅಲ್ಲಿಗೆ ಇಳಿಸ್ಲಾ, ಬ್ಯಾಡ್ವಾ? ನೀವು ಇಳ್ಸು ಅಂದ್ರೆ ಇಳಿಸ್ತೀನಿ."

ನಟರಾಜು ಬಾಯಿ ತೆರೆದ. ಚರಂಡಿ ಪಕ್ಕಾ ಎಂಬುದು ಕಾಗದದ ಮುಂದೆ ಅವನು ಎಷ್ಟೋ ಸಲ ಹೇಳಿದ್ದ ಮಾತು. ಈಗ ಎದುರಿಗಿದ್ದದ್ದು ಕಾಗದವಲ್ಲ. ತಾನೇ ಹಾಕಿದ ಹಾರ ಹೊತ್ತು ಮುದುಕಿ ಕೂತಿದ್ದಳು. ಅಂಗಳದ ಜನವೆಲ್ಲ ಅವನ ಬಾಯಿ ನೋಡುತ್ತಿತ್ತು. ಅವನು ತೆರೆದ ಬಾಯಿ ಮುಚ್ಚಿ, ಕರ್ಚೀಫು ತೆಗೆದು ಮುಖ ಒರೆಸಿಕೊಂಡ.

"ಒಸಿ ತಡೀರಿ," ಅಂದ. ಗಾಬರಿಯಲ್ಲಿ ಅವನ ಪೇಟೆ ಮಾತು ಎಲ್ಲೋ ಹೋಗಿತ್ತು. "ಗೇಟ್ ಹತ್ರ, ಕಟ್ಟೆ ನೀರು ಓಣಿಗೆ ಬೀಳೋ ಮೋರಿ ಬಾಯಿ ಮುಚ್ಚಿಸಿವ್ನಿ. ಸೈಟ್ ನೋಡೋಕೆ ಬರೋರ ಕಾರು ಇಳೀಲಿ ಅಂತ ಮಣ್ಣು ಹಾಕ್ಸಿದ್ದೆ. ಮಳೆಗೆ ಮುಂಚೆ ತೆಗೆಸ್ಬೇಕು ಅಂತಲೇ ಇದ್ದೆ, ದೇವರಾಣೆ... ಈಗ ಮಳೆ ಬಂದ್ರೆ ಕಟ್ಟೆ ತುಂಬಿ ಸೀದಾ ತೋಪಿಗೇ ಬೀಳ್ತದೆ."

"ನಾನೇಳ್ನಿಲ್ವಾ!" ಎಂದು ಚಿಕ್ಕರಾಜು ಮೂಲೆಯಿಂದ ನೆಗೆದು ನಿಂತ. ಇನ್ನು ಗೋಮಾಳವೇ ಗತಿ ಎಂದು ಕುಸುಮ ಕಣ್ಣು ಮುಚ್ಚಿದಳು. ಆದರೆ ಚಿಕ್ಕರಾಜು ಗೋಮಾಳದ ಮಾತೆತ್ತಲಿಲ್ಲ. ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಹೆಗಲಿಗೇರಿಸಿದ.

"ಏನ್ರಲಾ ನೋಡ್ತಿದ್ದೀರಿ? ನಮ್ಮತ್ತಿಗೆ ಗುಂಡಿಗೆ ಕೋಳಿಮರಿ ಹಾಕ್ಬೇಕಾ? ಬನ್ರಲಾ ದಿನ್ನೆಗೆ! ಲೇ ಗಫಾರ, ನಿನ್ ಗಾಡಿ ಎಲ್ಲೈತ್ಲಾ?"

"ಕೆರೆ ಏರಿ ಮ್ಯಾಲೆ ಐತೆ ಯಜಮಾನ್ರೇ," ಎಂದ ಮಣ್ಣಿಗೆಂದು ಬಂದಿದ್ದ ಗಫಾರ್, ಆಗಲೇ ಓಡುತ್ತ. "ಅಮ್ಮನ ಕೈಯ ಸಾರು ತಿಂದಿವ್ನಿ, ಬುಡ್ತೀನಾ?"

ಹೆಣವನ್ನು ಮಗನ ಹತ್ತಿರ, ಹೆಂಗಸರ ಹತ್ತಿರ ಬಿಟ್ಟು, ಮಣ್ಣಿಗೆ ಬಂದವರೆಲ್ಲ ದಿನ್ನೆ ಹತ್ತಿದ ಸಾವು ಹುಣಸೆದೊಡ್ಡಿಯಲ್ಲಿ ಅದೊಂದೇ. ಕುಸುಮ ಸೀರೆ ಎತ್ತಿ ಕಟ್ಟಿ ಮುಂದೆ ಮುಂದೆ ಓಡಿದಳು. ರಮ್ಯಾ ಹಿಂದೆ ಹಿಂದೆ. ತಮಟೆಯವರೂ ಕೂತಲ್ಲಿ ಕೂರಲಾರದೆ ಬಡಿಯುತ್ತ ಬಂದರು. ಜೆಸಿಬಿ ಮೇಲಿನ ಮಣ್ಣನ್ನು ಬಾಚಿತು. ಮೋರಿಯ ಬಾಯಿಯೊಳಗೆ ಗಟ್ಟಿಯಾಗಿ ಕೂತದ್ದನ್ನು ಗುದ್ದಲಿಗಳು ಕಿತ್ತವು. ಇಸ್ತ್ರಿ ಅಂಗಿಯ ತೋಳು ಮಡಚಿ ನಟರಾಜು ಬಾಣಲಿಯಲ್ಲಿ ಮಣ್ಣು ಹೊತ್ತ. ಯಾರೂ ಅವನನ್ನು ಬೈಯಲಿಲ್ಲ, ಬೈಯುವುದಕ್ಕೆ ಪುರುಸೊತ್ತಿರಲಿಲ್ಲ. ಮೋರಿಯ ಈ ತುದಿಯಲ್ಲಿ ಬಗ್ಗಿದ ಕುಸುಮಳಿಗೆ ಆ ತುದಿಯ ಬೆಳಕು ಕಂಡಾಗ ಮೊದಲ ಹನಿ ಅವಳ ಬೆನ್ನ ಮೇಲೆ ಬಿತ್ತು.

ಚಟ್ಟ ಎತ್ತಿದ್ದು ಮಳೆಯಲ್ಲೇ. ಅದು ಎಂಥ ಮಳೆ! ಇಷ್ಟು ದಿನದ ಸಿಟ್ಟನ್ನೆಲ್ಲ ಕೃತ್ತಿಕೆ ಒಂದೇ ಸಲ ತೀರಿಸಿಕೊಳ್ಳುವಂತೆ ಹುಯ್ದಿತು. ಮೊದಲ ಹನಿಗೇ ಗುಂಡಿಯ ಮೇಲೆ ಟಾರ್ಪಾಲು ಹಿಡಿದು ನಾಲ್ಕು ಮೂಲೆಗೂ ಜನ ನಿಂತಿದ್ದರು. ತಮಟೆಯ ಚರ್ಮ ನೆನೆದು ಸದ್ದು ಸತ್ತಿತು. ಎಲ್ಲರ ಕಣ್ಣೂ ದಿನ್ನೆಯ ಮೇಲಿತ್ತು. ಮೇಲೆ ಲೇಔಟಿನ ರಸ್ತೆಗಳೆಲ್ಲ ಬೆಳ್ಳಗೆ ಹರಿದು ಕಟ್ಟೆಗೆ ಬೀಳುವುದು ಕಾಣುತ್ತಿತ್ತು. ಕಟ್ಟೆ ಏರಿತು, ಇನ್ನೂ ಏರಿತು. ಕುಸುಮ ಗಂಡನ ತೋಳು ಹಿಡಿದುಕೊಂಡಳು. ಆಗ ಮೋರಿಯ ಒಳಗಿಂದ ಗುಡುಗಿದಂತೆ ಸದ್ದು ಬಂದು, ಕೆಮ್ಮಣ್ಣಿನ ನೀರು ಕುರಿ ಓಣಿಗೆ ಬಿತ್ತು. ತೋಪಿನ ಬೇಲಿಯ ಹತ್ತಿರ ಅದು ಒಂದು ಕ್ಷಣ ಉಬ್ಬಿತು. ಬೇಲಿ ದಾಟಲಿಲ್ಲ. ಮಗ್ಗುಲಾಗಿ ಓಣಿ ಹಿಡಿದು ಕೆಳಗೆ ಓಡಿತು.

ಚಿಕ್ಕರಾಜು ಯಾರಿಗೂ ಹೇಳದೆ ಗುಂಡಿಗಿಳಿದ. ಮಂಡಿಯೂರಿ ತಳವನ್ನೆಲ್ಲ ಅಂಗೈಯಿಂದ ಸವರಿದ. ಮೂಲೆ ಮೂಲೆಗೂ ಕೈ ಇಟ್ಟು ನೋಡಿದ. ಮೇಲೆ ನೋಡಿದಾಗ ಅವನ ಕಣ್ಣಲ್ಲಿ ಧಾರಾಕಾರ ನೀರು.

"ಒಣಗೈತೆ ಕಣವ್ವ ಕುಸುಮ! ತಳ ಒಣಗೈತೆ!"

ಯಾರೋ ಸಿಳ್ಳೆ ಹಾಕಿದರು. ಮಣ್ಣಿಗೆ ಬಂದವರು ಸಿಳ್ಳೆ ಹಾಕಬಾರದೆಂದು ಯಾರೂ ಗದರಲಿಲ್ಲ, ಇನ್ನೂ ನಾಲ್ಕು ಸಿಳ್ಳೆ ಎದ್ದವು. ಕುಸುಮ ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಅಳುವನ್ನೆಲ್ಲ ಗಂಡನ ಹೆಗಲ ಮೇಲೆ ಅತ್ತಳು. ಅಳುವಿನ ತುಂಬ ಸಂತೋಷವೇ ಇತ್ತು. ಮುನಿತಾಯಮ್ಮನನ್ನು ಅವಳ ಅತ್ತೆ ಮಾವಂದಿರ ಪಕ್ಕ, ಒಣ ನೆಲಕ್ಕೆ ಇಳಿಸಿದರು. ಬೀರೇಶ್ ಪಂಚೆಯ ಗಂಟು ಬಿಚ್ಚಿ ಅಪ್ಪನ ಮಣ್ಣನ್ನು ಅವ್ವನ ಬಲಗೈ ಹತ್ತಿರ ಇಟ್ಟ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಕೊನೆಯಲ್ಲಿ ನಟರಾಜುವೂ ಬಂದು ಮೂರು ಹಿಡಿ ಹಾಕಿದ.

"ಷರತ್ತಿನ ಪ್ರಕಾರ ಸದಸ್ಯರು ಮಳೆಯಲ್ಲಿ ತೋಪಿನಲ್ಲಿ ನಿಂತು ನೋಡಬೇಕು," ಎಂದಳು ರಮ್ಯಾ ಮೆಲ್ಲಗೆ, ಒದ್ದೆ ಮುಖ ಒರೆಸಿಕೊಳ್ಳುತ್ತ. "ಇವತ್ತು ಇಡೀ ಊರೇ ನಿಂತು ನೋಡಿದೆ ಕುಸುಮಾ."

ಕುಸುಮ ನಟರಾಜುವಿನ ಕಡೆ ತಿರುಗಿದಳು. "ಸಹಿ ಹಾಕ್ತೀನಿ ಅಣ್ಣ. ಅತ್ತೆ ಈಗ ಇಲ್ಲೇ ಇರ್ತಾರೆ, ನಿಮ್ಮ ಮೋರಿ ಕೆಳಗೇ. ಇನ್ನೊಂದ್ಸಲ ಬಾಯಿ ಮುಚ್ಚಿಸ್ಬೇಕು ಅನ್ಸಿದ್ರೆ, ಬಂದು ಅವ್ರನ್ನೊಂದು ಮಾತು ಕೇಳ್ಕೊಂಡು ಮುಚ್ಸಿ."

"ಅಯ್ಯೋ, ಬ್ಯಾಡಕ್ಕ," ಅಂದ ನಟರಾಜು. ಅವನ ದನಿಯಲ್ಲಿ ನಿಜವಾದ ಹೆದರಿಕೆಯಿತ್ತು.

ಮಣ್ಣು ಮಾಡಿದ ಮೇಲೆ ಕೈಕಾಲು ತೊಳೆಯದೆ ಮನೆಗೆ ಹೋಗುವಂತಿಲ್ಲ. ಬೇರೆ ದಿನವಾಗಿದ್ದರೆ ದೊಡ್ಡಿಯ ಬೋರ್‌ವೆಲ್ಲಿನ ಮುಂದೆ ನೂಕುನುಗ್ಗಲಾಗುತ್ತಿತ್ತು. ಇವತ್ತು ಚಿಕ್ಕರಾಜು ಮೊದಲು ಹೋಗಿ ಕುರಿ ಓಣಿಯ ದಡದಲ್ಲಿ ಕೂತು ನೀರಿಗೆ ಕಾಲು ಬಿಟ್ಟ. ಅವನ ಪಕ್ಕ ಬೀರೇಶ್, ಅವನ ಪಕ್ಕ ಕುಸುಮ, ಆಮೇಲೆ ಗಫಾರ್, ರಮ್ಯಾ, ತಮಟೆಯವರು, ಹೆಂಗಸರು, ಹೀಗೆ ಊರು ಊರೇ ತೋಪಿನಿಂದ ಕೆರೆಯ ಏರಿಯವರೆಗೂ ಓಣಿಯ ಉದ್ದಕ್ಕೂ ಸಾಲಾಗಿ ಕೂತಿತು. ಮಳೆ ಇನ್ನೂ ಹಿಡಿದಿತ್ತು. ಮೇಲಿನ ತುದಿಯಲ್ಲಿ, ಮೋರಿಗೆ ಹತ್ತಿರವಾಗಿ ಕೂತಿದ್ದ ನಟರಾಜು ಕೆಸರು ಮೆತ್ತಿದ ಚಪ್ಪಲಿಯನ್ನು ತೊಳೆಯಲು ಹೋದ. ಅದು ಅವನ ಕೈ ಜಾರಿತು.

"ಹಿಡೀರಿ, ಹಿಡೀರಿ!" ಎಂದು ಕೂಗಿದ. ಯಾರೂ ಹಿಡಿಯಲಿಲ್ಲ. ಚಪ್ಪಲಿ ಒಂದು ಸುತ್ತು ತಿರುಗಿ, ನೀರಿನ ನಡುವಿಗೆ ಬಂದು, ಚಿಕ್ಕರಾಜುವಿನ ಕಾಲ ಮುಂದೆ ಸಾಗಿತು, ಕುಸುಮಳ ಕಾಲ ಮುಂದೆ ಸಾಗಿತು, ಊರಿನವರ ಕಾಲುಗಳನ್ನೆಲ್ಲ ಒಂದೊಂದಾಗಿ ದಾಟಿತು. ಎಲ್ಲಿಯೂ ತಗುಲಲಿಲ್ಲ, ಎಲ್ಲಿಯೂ ನಿಲ್ಲಲಿಲ್ಲ. ದಡದ ಮೇಲೆ ಕೂತ ತಲೆಗಳೆಲ್ಲ ಅದರ ಜೊತೆ ಜೊತೆಗೇ ಮೆಲ್ಲಗೆ ತಿರುಗುತ್ತ ಹೋದವು, ಅದು ಏರಿಯ ಹತ್ತಿರ ಬಾಗಿ ಕೆರೆಗೆ ಇಳಿಯುವವರೆಗೂ.